ಅಪ್‌ಡೇಟ್: ಮಗಳಿಗೆ ಕಾಡುಹೂಗಳ ಪರಿಚಯ ಹೇಗೆ ಮಾಡಿಸಲಿ ಅಂತ ಕೇಳಿದ್ದೆ

ಎರಡು ತಿಂಗಳ ಹಿಂದೆ ಕೇಳಿದ್ದೆ: ಮಗಳಿಗೆ ಆರು ವರ್ಷ, ನನಗೇ ಹೂಗಳ ಹೆಸರು ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ? ‘ಹೆಸರು ಆಮೇಲೆ, ಮೊದಲು ಒಂದೇ ಗಿಡವನ್ನು ದಿನಾ ನೋಡಿ’ ಅಂದಿರಿ. ಹಾಗೇ ಮಾಡಿದೆವು, ತುಂಬಾ ಥ್ಯಾಂಕ್ಸ್.

ಗೋಡೆ ಪಕ್ಕ ತಾನಾಗಿ ಬೆಳೆದಿದ್ದ ಟ್ರೈಡ್ಯಾಕ್ಸ್ ಆರಿಸಿಕೊಂಡೆವು. ನಾನು ಇಷ್ಟು ವರ್ಷ ಕಳೆ ಅಂತ ಕಿತ್ತು ಎಸೆಯುತ್ತಿದ್ದ ಗಿಡ. ಭೂತಗನ್ನಡಿ ಹಿಡಿದರೆ ನಡುವಿನ ಹಳದಿ ಬೊಟ್ಟು ಒಂದು ಹೂವೇ ಅಲ್ಲ, ಹತ್ತಾರು ಪುಟ್ಟ ಕೊಳವೆ ಹೂಗಳ ಗುಂಪು! ಸುತ್ತಲಿನ ಬಿಳಿ ಎಸಳುಗಳೂ ಒಂದೊಂದು ಬೇರೆ ಹೂವು, ತುದಿಯಲ್ಲಿ ಮೂರು ಹಲ್ಲು. ಸೂರ್ಯಕಾಂತಿಯೂ ಇದೇ ಕುಟುಂಬದ್ದು. ಮಗಳು ಬಿಳಿ ಹಾಳೆ ಮೇಲೆ ಒಂದೊಂದಾಗಿ ಬಿಡಿಸಿಟ್ಟು 52ರವರೆಗೆ ಎಣಿಸಿದಳು. ಅಷ್ಟು ಹೊತ್ತು ಅವಳು ಒಂದೇ ಕಡೆ ಕೂತಿದ್ದನ್ನು ನಾನು ನೋಡೇ ಇರಲಿಲ್ಲ. ಹೂ ಒಣಗಿದ ಮೇಲೆ ಬೀಜಕ್ಕೆ ರೇಷ್ಮೆಯಂಥ ಕುಚ್ಚು ಬಂತು, ಊದಿ ಹಾರಿಸಿದೆವು.

ಹೂ ಒತ್ತಿ ಒಣಗಿಸೋದು ಮಾತ್ರ ಮೊದಲ ಸಲ ಕೆಟ್ಟಿತು, ಬೂಸ್ಟು ಬಂತು. ಪೇಪರ್ ಬದಲಿಸದೇ ಬಿಟ್ಟಿದ್ದೆ. ಈಗ ಮೊದಲ ವಾರ ದಿನಾ ಬದಲಿಸುತ್ತೇವೆ, ಬಣ್ಣವೂ ಉಳಿಯುತ್ತಿದೆ.

ಈ ವಾರ ಮುಟ್ಟಿದರೆ ಮುನಿ ಶುರು. ಮಡಚಿದ ಎಲೆ ಬಿಚ್ಚೋಕೆ ಎಷ್ಟು ನಿಮಿಷ ಅಂತ ಗಡಿಯಾರ ಹಿಡಿದು ಕಾಯುತ್ತಾ ಕೂತಿದ್ದಾಳೆ.