ಎಸ್‌ಸಿಎ 2 ಅಂತ ರಿಪೋರ್ಟ್ ಬಂದಿದೆ, ಎಷ್ಟು ವರ್ಷ ಅಂತ ಅನುಭವ ಇರೋರು ಹೇಳ್ತೀರಾ

ಕೇಳ್ತಿರೋದು, ದಾವಣಗೆರೆಯಿಂದ:
ಎಲ್ರಿಗೂ ನಮಸ್ಕಾರ. ನಮ್ಮನೆಯವ್ರಿಗೆ 41. ಮೂರು ವರ್ಷದಿಂದ ನಡೆಯುವಾಗ ಓಲಾಡ್ತಾರೆ, ಮಾತು ಎಳೆಯುತ್ತೆ, ಮೊದ್ಲು ಬಿ12 ಕಮ್ಮಿ ಅಂತ ಇಂಜೆಕ್ಷನ್ ಕೊಟ್ರು, ಆಮೇಲೆ ಎಂಆರ್‌ಐಲಿ ಕಿರುಮೆದುಳು ಸವೆದಿದೆ ಅಂದ್ರು, ಈಗ ಜೀನ್ ಟೆಸ್ಟಲ್ಲಿ ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ (ಎಸ್‌ಸಿಎ) ಟೈಪ್ 2 ಅಂತ ಬಂದಿದೆ, ಸಿಎಜಿ ರಿಪೀಟ್, ಅಂದ್ರೆ ಜೀನಲ್ಲಿ ಒಂದೇ ತುಣುಕು ಎಷ್ಟು ಸಲ ಮತ್ತೆ ಮತ್ತೆ ಬಂದಿದೆ ಅನ್ನೋದು, 22/39. ನಮ್ ಮಾವನೂ ಹಿಂಗೇ ಓಲಾಡ್ತಿದ್ರು, 56ಕ್ಕೆ ಹೋದ್ರು, ಊರೋರೆಲ್ಲ ಕುಡಿತ ಅಂತಿದ್ರು, ಅವರು ಹನಿ ಮುಟ್ಟಿದವರಲ್ಲ. ಡಾಕ್ಟರ್ ಐದು ನಿಮಿಷ ಮಾತಾಡಿ ಔಷಧಿ ಇಲ್ಲ ಫಿಸಿಯೋ ಮಾಡ್ಸಿ ಅಂದು ಕಳಿಸಿದ್ರು. ಗೂಗಲಲ್ಲಿ 10 ವರ್ಷ ಅಂತಿದೆ. ಹಂಗಾದ್ರೆ ಮೂರು ಕಳೆದು ಇನ್ನು ಏಳೇನಾ? ಮಗಳು 9ನೇ ಕ್ಲಾಸು, ಮಗ 5ನೇದು.

ಹಾಸನದವನು:
ಅಕ್ಕಾ, ಆ ಕಳೆಯೋ ಲೆಕ್ಕ ಮೊದ್ಲು ಬಿಡಿ, ನಾನೂ ಹಾಕಿದ್ದೆ ಅದನ್ನ. ನಮ್ಮಮ್ಮಂಗೂ ಇದೇ ಟೈಪ್ 2. ಶುರುವಾಗಿದ್ದು 37ಕ್ಕೆ, ನಮಗೆ ಗೊತ್ತಾಗಿದ್ದು ರಂಗೋಲಿಲಿ. ಚುಕ್ಕಿ ಸರಿಯಾಗೇ ಇಡೋರು, ಎಳೆ ಸುತ್ತುವಾಗ ಕೈ ಚುಕ್ಕಿ ದಾಟಿ ಆಚೆ ಹೋಗ್ಬಿಡೋದು, ಸಿಟ್ಟು ಬಂದು ಕಾಲಲ್ಲೇ ಒರೆಸಿ ಒಳಗೆ ಬರೋರು. ಹೋಗಿದ್ದು 61ಕ್ಕೆ, ಅಂದ್ರೆ 24 ವರ್ಷ. ಅವರ ತಮ್ಮ, ನನ್ ಸೋದರಮಾವ, ಅದೇ ಮನೆ ಅದೇ ಜೀನು, ಶುರುವಾದ್ಮೇಲೆ 11 ವರ್ಷ ಅಷ್ಟೇ ಇದ್ದಿದ್ದು.

ಗೂಗಲಲ್ಲಿ ಎಸ್‌ಸಿಎ ಅಂತ ಹೊಡೆದ್ರೆ ಎಲ್ಲಾ ಟೈಪನ್ನೂ ಕಲಸಿ ಕೊಡುತ್ತೆ. ಟೈಪ್ 6 ಇರೋರು ಹೆಚ್ಚುಕಮ್ಮಿ ಎಲ್ಲರಷ್ಟೇ ಆಯಸ್ಸು ಬದುಕ್ತಾರೆ, ಟೈಪ್ 1 ಬೇಗ ಕೆಡಿಸುತ್ತೆ. ಯುರೋಪಲ್ಲಿ 500ಕ್ಕೂ ಜಾಸ್ತಿ ಪೇಷಂಟ್ಸನ್ನ ವರ್ಷಗಟ್ಲೆ ಫಾಲೋ ಮಾಡಿ 2018ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಅನ್ನೋ ವೈದ್ಯಕೀಯ ಪತ್ರಿಕೇಲಿ ಹಾಕಿದ್ರು, 10 ವರ್ಷ ಆದ್ಮೇಲೂ ಟೈಪ್ 2ರಲ್ಲಿ ನೂರಕ್ಕೆ 74 ಜನ ಇದ್ರು, ಟೈಪ್ 6ರಲ್ಲಿ 87, ಟೈಪ್ 1ರಲ್ಲಿ 57. ಅದೂ ಆ ಹತ್ತು ವರ್ಷ ಎಣಿಸಿದ್ದು ಸ್ಟಡಿಗೆ ಸೇರಿದ ದಿನದಿಂದ, ಅಷ್ಟೊತ್ತಿಗಾಗ್ಲೇ ಅವರಿಗೆಲ್ಲ ಓಲಾಟ ಶುರುವಾಗಿ ಎಷ್ಟೋ ವರ್ಷ ಆಗಿತ್ತು. ರಿಪೀಟ್ ಜಾಸ್ತಿ ಇದ್ದಷ್ಟೂ ಬೇಗ ಶುರುವಾಗುತ್ತೆ ಅನ್ನೋದು ನಿಜ, ಆದ್ರೆ 39 ಅನ್ನೋದನ್ನ ನೋಡಿ ಇಂಥ ವರ್ಷಕ್ಕೆ ಅಂತ ಹೇಳೋಕೆ ಯಾರಿಗೂ ಆಗಲ್ಲ.

ನನ್ ಸೋದರಮಾವನ ವಿಷಯ ಹೇಳ್ತೀನಿ, ಇದು ಮುಖ್ಯ. ಎರಡು ವರ್ಷ ನೀರು ಕುಡಿದಾಗೆಲ್ಲ ಕೆಮ್ಮೋರು. ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಂಡ್ರು ಅಂತ ಅತ್ತೆ ತಲೆ ತಟ್ಟೋರು, ನಾವು ನಗ್ತಿದ್ವಿ. ಆ ನೀರು ಶ್ವಾಸಕೋಶಕ್ಕೆ ಇಳೀತಿತ್ತು. ಮೂರು ಸಲ ನ್ಯುಮೋನಿಯಾ ಆಯ್ತು, ಮೂರನೇದ್ರಲ್ಲಿ ಹೋದ್ರು. ಈ ಕಾಯಿಲೇಲಿ ಕೊನೆಗೆ ಜೀವಕ್ಕೆ ಬರೋದು ಜಾಸ್ತಿ ಇದೇ, ದಾರಿ ತಪ್ಪಿ ಇಳಿಯೋ ಅನ್ನ ನೀರು. ಅದನ್ನ ನೋಡಿದ್ದಕ್ಕೇ ಅಮ್ಮನ್ನ ಬೇಗ ಸ್ಪೀಚ್ ಥೆರಪಿಗೆ ಕರ್ಕೊಂಡು ಹೋದ್ವಿ, ಮಾತಿಗೆ ಅಂತ ಹೋದ್ರೆ ಅವರು ಮೊದ್ಲು ನುಂಗೋದು ನೋಡಿದ್ರು. ಗದ್ದ ಎದೆ ಕಡೆ ಬಗ್ಗಿಸಿ ನುಂಗೋದು, ಒಂದು ತುತ್ತಿಗೆ ಎರಡು ಸಲ ನುಂಗೋದು, ಊಟ ಆದ್ಮೇಲೆ ಅರ್ಧ ಗಂಟೆ ಒರಗಬಾರದು, ಊಟ ಮಾಡ್ವಾಗ ಟಿವಿ ಬಂದ್. ತೆಳ್ಳಗಿನ ನೀರು ಮಜ್ಜಿಗೆನೇ ಅವರಿಗೆ ಕಷ್ಟ, ಗಟ್ಟಿ ಅಂಬಲಿ ಸಲೀಸಾಗಿ ಇಳಿಯೋದು. ಮುದ್ದೆ ಬೇಡ ಅಂದಿದ್ದಕ್ಕೆ ಎರಡು ದಿನ ಊಟ ಬಿಟ್ಟು ಕೂತಿದ್ರು, ಹಾಸನದೋರಿಗೆ ಮುದ್ದೆ ಬಿಡು ಅಂದ್ರೆ ಇನ್ನೇನು ಮಾಡ್ತಾರೆ. ಇದೆಲ್ಲ ಅಮ್ಮನ್ನ ಪರೀಕ್ಷೆ ಮಾಡಿ ಅಮ್ಮಂಗೆ ಹೇಳಿದ್ದು, ನೀವು ಟೆಸ್ಟ್ ಮಾಡಿಸ್ದೆ ಇದನ್ನೇ ಮಾಡ್ಬೇಡಿ.

ಮಾವ ಹೋಗಿದ್ದಕ್ಕೂ ಅಮ್ಮ ಇದ್ದಿದ್ದಕ್ಕೂ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ನಮ್ ಕೈಲಿದ್ದಿದ್ದು ಇದೊಂದು, ಇನ್ನೊಂದು ಬೀಳದಂಗೆ ನೋಡ್ಕೊಳ್ಳೋದು.

ಧಾರವಾಡ ಕಡೆಯಿಂದ:
ಅಕ್ಕಾರ, ನಮ್ಮ ಅಪ್ಪಗ ಟೈಪ್ 1 ಐತ್ರಿ. ಆಯುಷ್ಯದ ಬಗ್ಗೆ ನಾ ಏನೂ ಹೇಳಂಗಿಲ್ಲ, ರೊಕ್ಕದ ಬಗ್ಗೆ ಹೇಳ್ತೀನಿ. ಸ್ಟೆಮ್ ಸೆಲ್ ಹಾಕಿದ್ರ ನಡೀತಾರ ಅಂತ ಒಬ್ರು ಹೇಳಿದ್ರು, ಹೊಲ ಅಡವಿಟ್ಟು ನಾಕ್ ಲಕ್ಷ ಕೊಟ್ವಿ, ಏನೂ ಆಗ್ಲಿಲ್ಲ. ಆಮ್ಯಾಲೆ ಗೊತ್ತಾತು, ರಕ್ತದ ಕೆಲವು ಕಾಯಿಲಿ ಬಿಟ್ರ ಉಳಿದದ್ದಕ್ಕ ಸಂಶೋಧನೆಯ ಟ್ರಯಲ್ ಹೊರಗ ಸ್ಟೆಮ್ ಸೆಲ್ ಕೊಡಬಾರದಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಾಗ ಬರದಿಟ್ಟೈತಿ. ನಿಮ್ಮ ಮನಿಗೂ ಫೋನ್ ಬರ್ತಾವ ನೋಡ್ರಿ, ಇಡ್ರಿ ಕೆಳಗ.

ಮತ್ತ ಬ್ಯಾಂಕಿನ ಕೆಲಸ ಈಗ ಮುಗಿಸ್ರಿ. ಅಪ್ಪನ ಸಹಿ ಹೊಂದಂಗಿಲ್ಲಂತ ಚೆಕ್ ವಾಪಸ್ ಬಂದು ಹೆಬ್ಬಟ್ಟಿಗೆ ಬಂದೀವಿ, ಇಪ್ಪತ್ತೆಂಟು ವರ್ಷ ಮಾಸ್ತರಕಿ ಮಾಡಿದ ಮನಷಾ, ಅವತ್ತು ಬ್ಯಾಂಕಿನಾಗ ಕಣ್ಣಾಗ ನೀರ ತಂದ್ರು. ಕೈ ಬರ್ಯೂತನಕನೇ ಜಂಟಿ ಖಾತೆ, ನಾಮಿನಿ ಮಾಡ್ರಿ, ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಹಾಕ್ರಿ. ಕಾರ್ಡ್ ಕಿಸೆದಾಗ ಇರ್ಲಿ, ಬಸ್‌ಸ್ಟ್ಯಾಂಡ್‌ನ್ಯಾಗ ಕುಡದಾನ ಅಂತ ಯಾರರ ಮಾತಾಡಿದ್ರ ತೋರ್ಸಾಕ.

ನಾನೇ ಪೇಷಂಟು:
47. ಟೈಪ್ 2. 12 ವರ್ಷ ಆಯ್ತು. ಒಂದೇ ಬೆರಳಲ್ಲಿ ಟೈಪ್ ಮಾಡ್ತಿದೀನಿ, ಮೈಕಲ್ಲಿ ಹೇಳಿದ್ರೆ ಫೋನಿಗೆ ನನ್ ಮಾತು ತಿಳಿಯಲ್ಲ. ವಾಕರ್ ಹಿಡ್ದು ಮನೇಲಿ ಓಡಾಡ್ತೀನಿ. ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ, ಅದಕ್ಕೆ ಮಾತ್ರೆ ಇದೆ, ಡಾಕ್ಟರ್‌ನ ಕೇಳಿ, ಕೇಳದೇ ಇದ್ರೆ ಅವರಾಗಿ ಹೇಳಲ್ಲ. ನಿಮ್ಮವರು ಪಕ್ಕಕ್ಕೆ ನೋಡೋಕೆ ಕಣ್ಣಿನ ಬದ್ಲು ಇಡೀ ತಲೆ ತಿರುಗಿಸ್ತಾರಾ? ಟೈಪ್ 2ರಲ್ಲಿ ಕಣ್ಣು ನಿಧಾನ ತಿರುಗುತ್ತೆ, ನಂದೂ ಹಂಗೇ. ಮುಂಬೈನ ಡಾ. ನೋಶಿರ್ ವಾಡಿಯಾ 1971ರಲ್ಲೇ ಇಂಥ ಕುಟುಂಬಗಳ ಬಗ್ಗೆ ಬರೆದಿದ್ರು, ಜೀನ್ ಟೆಸ್ಟ್ ಇಲ್ಲದ ಕಾಲದಲ್ಲಿ. ನಿಮ್ಮವರ ಕಣ್ಣೂ ಹಂಗೇ ಇದ್ರೆ ಗಾಡಿ ಓಡಿಸೋದು ಇವತ್ತೇ ನಿಲ್ಸಿ.
ಇನ್ನೊಂದು. ಎಷ್ಟು ವರ್ಷ ಅಂತ ಅವರ ಎದುರಿಗೆ ಫೋನಲ್ಲಿ ಹುಡುಕ್ಬೇಡಿ. ನನ್ ಹೆಂಡ್ತಿ ಹುಡುಕಿದ್ದು ಹಿಸ್ಟರಿಲಿ ನೋಡಿದ್ದೆ.

ಕೇಳಿದವರು:
ಹೌದು, ತಲೆನೇ ತಿರುಗಿಸ್ತಾರೆ, ನಾನು ಕುತ್ತಿಗೆ ನೋವು ಅಂದ್ಕೊಂಡಿದ್ದೆ. ಇನ್ನೊಂದು ಕೇಳ್ಬೇಕು, ಮಕ್ಕಳಿಗೆ ಈಗಲೇ ಟೆಸ್ಟ್ ಮಾಡಿಸ್ಲಾ? ಮೈದುನನಿಗೆ ಬರೋ ತಿಂಗಳು ನಿಶ್ಚಿತಾರ್ಥ, ಅತ್ತೆ ಈ ವಿಷಯ ಬಾಯಿ ಬಿಡಬೇಡ ಅಂತಿದಾರೆ.

ಹಾಸನದವನು:
ಮಕ್ಕಳಿಗೆ ಬೇಡ ಅಕ್ಕ. ಲಕ್ಷಣ ಇಲ್ಲದ ಮಕ್ಕಳಿಗೆ 18 ಆಗೋವರೆಗೆ ಮಾಡಲ್ಲ, ದೊಡ್ಡವರಾದ್ಮೇಲೆ ಅವರೇ ನಿರ್ಧಾರ ಮಾಡ್ಬೇಕು ಅಂತ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಈ ಜೀನ್ ಇದ್ರೆ ಮಗುಗೆ ಬರೋ ಸಾಧ್ಯತೆ 50%. ಹಂಗಂದ್ರೆ ಇಬ್ಬರಲ್ಲಿ ಒಬ್ಬರಿಗೆ ಬಂದೇ ಬರುತ್ತೆ ಅಂತಲ್ಲ, ಒಂದೊಂದು ಮಗುಗೂ ಬೇರೆ ಬೇರೆಯಾಗಿ ನಾಣ್ಯ ಚಿಮ್ಮಿದಂಗೆ, ಇಬ್ಬರಿಗೂ ಬರದೇನೂ ಇರಬಹುದು. ನನಗೆ 34, ನಾನಿನ್ನೂ ಮಾಡಿಸ್ಕೊಂಡಿಲ್ಲ. ಎರಡು ಸಲ ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗ್ ಮುಗಿಸಿ ರಕ್ತ ಕೊಡ್ದೆ ವಾಪಸ್ ಬಂದಿದೀನಿ. ಮೈದುನನಿಗೆ ಮಾತ್ರ ನಿಶ್ಚಿತಾರ್ಥಕ್ಕೆ ಮೊದ್ಲೇ ಹೇಳಿ.

ಧಾರವಾಡ ಕಡೆಯಿಂದ:
ಹೇಳ್ಬೇಕು ಖರೆ, ಆದ್ರ ಅಕ್ಕಾರು ಹೇಳೂದಲ್ಲ. ಸೊಸಿ ಹೇಳಿದ್ರ ಲಗ್ನ ಮುರಿದಾಕಿ ಅಂತ ಜನ್ಮ ಪೂರ್ತಿ ಆಡ್ಕೊಂತಾರ. ಅಣ್ಣನೇ ತಮ್ಮಗ ಹೇಳ್ಲಿ, ರಿಪೋರ್ಟ್ ಕೈಯಾಗ ಕೊಟ್ಟು.

ಹಾಸನದವನು:
ಅದು ಸರಿ. ಅಣ್ಣನೇ ಹೇಳ್ಬೇಕು.

ಕೇಳಿದವರು:
ಇವತ್ತು ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ನೋಡ್ತಿದ್ದೆ. ಲೋಟ ನೀರಿಗೆ ಎರಡು ಸಲ ಕೆಮ್ಮಿದ್ರು. ನನ್ ಕೈ ಅಭ್ಯಾಸಕ್ಕೆ ಅವರ ನೆತ್ತಿ ಮೇಲೆ ಹೋಗಿಬಿಟ್ಟಿತ್ತು. ನುಂಗೋ ಟೆಸ್ಟಿಗೆ ಎಲ್ಲಿಗೆ ಹೋಗ್ಬೇಕು ಹೇಳಿ.

ಹಾಸನದವನು:
ನಿಮ್ಹಾನ್ಸಲ್ಲಿ ಸ್ಪೀಚ್ ಪೆಥಾಲಜಿ ವಿಭಾಗ ಇದೆ, ನ್ಯೂರಾಲಜಿ ಓಪಿಡಿಲಿ ಬರೆಸ್ಕೊಳ್ಳಿ. ಮೈಸೂರಿಗೆ ಹೋಗೋದಾದ್ರೆ ಮಾನಸಗಂಗೋತ್ರಿಲಿರೋ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ). ಅಲ್ಲಿವರೆಗೂ ಜ್ವರ ಬಂದ್ರೆ, ಕಫ ಕಟ್ಟಿದ್ರೆ ಮನೇಲಿ ಕಷಾಯ ಕೊಟ್ಕೊಂಡು ಕೂರಬೇಡಿ, ಅವತ್ತೇ ತೋರ್ಸಿ. ರಿಪೋರ್ಟ್ ಒರಿಜಿನಲ್ ತಗೊಂಡು ಹೋಗಿ, ಜೆರಾಕ್ಸ್ ಎರಡು ಮಾಡಿಸಿ.