ಖಾಲಿ ಕಚೇರಿ ಕಟ್ಟಡಗಳು: ವಸತಿಗೆ ಪ್ರೋತ್ಸಾಹಧನ ಮತ್ತು ನಗರಾಡಳಿತದ ಸ್ವಂತ ಕಚೇರಿ

ಪ್ರಶ್ನೆ:
ನಮಸ್ಕಾರ. ನಗರದ ನಡುಭಾಗದ ಕಚೇರಿ ಕಟ್ಟಡಗಳು ಖಾಲಿ ಬಿದ್ದಾಗ ನಗರಾಡಳಿತದ ಮುಂದೆ ಎರಡು ಕಡತಗಳು ಬರುತ್ತವೆ. ಆ ಕಟ್ಟಡಗಳನ್ನು ಮನೆಗಳಾಗಿ ಮಾರ್ಪಡಿಸುವವರಿಗೆ ಪ್ರೋತ್ಸಾಹಧನ ಅಥವಾ ತೆರಿಗೆ ವಿನಾಯಿತಿ ಕೊಡುವುದು ಒಂದು ಕಡತ. ಹಳೆಯದಾದ, ಇಕ್ಕಟ್ಟಾದ ಆಡಳಿತ ಕಚೇರಿಗೆ ಬೇರೆ ಜಾಗ ಹುಡುಕುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ತಿಂಗಳುಗಳಲ್ಲಿ ತೀರ್ಮಾನಿಸುವುದು ಸರಿಯೇ? ಪ್ರೋತ್ಸಾಹವನ್ನು ನಗದಾಗಿ ಕೊಡುವುದು ಮೇಲೋ, ತೆರಿಗೆ ಬಿಡುವುದು ಮೇಲೋ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ನಾನು ಕಟ್ಟಡಗಳ ನವೀಕರಣದ ಕೆಲಸದಲ್ಲಿರುವವನು. ಎರಡು ಕಡತಗಳನ್ನೂ ಒಂದೇ ಮೇಜಿನ ಮೇಲೆ ಇಡಲೇಬೇಕು; ಏಕೆಂದರೆ ಖಾಲಿ ಬಿದ್ದ ಪ್ರತಿಯೊಂದು ಕಟ್ಟಡವೂ ಮನೆಯಾಗಲು ಒಗ್ಗುವುದಿಲ್ಲ. ಕಿಟಕಿಯಿಂದ ಒಳಗೋಡೆಯವರೆಗಿನ ಆಳವೇ ಇಲ್ಲಿ ಬಹುಮಟ್ಟಿಗೆ ಎಲ್ಲವನ್ನೂ ನಿರ್ಧರಿಸುತ್ತದೆ. ವಿದ್ಯುತ್ ದೀಪ, ಹವಾನಿಯಂತ್ರಣಗಳನ್ನೇ ನಂಬಿ ಕಟ್ಟಿದ ಅಗಲವಾದ ಕಟ್ಟಡವೊಂದರಲ್ಲಿ, ಮಹಡಿಯ ನಟ್ಟನಡುವೆ, ನಡುಮಧ್ಯಾಹ್ನ ದೀಪಗಳನ್ನು ಆರಿಸಿ ನಿಂತಿದ್ದೆ. ಕೈಯಲ್ಲಿದ್ದ ನಕ್ಷೆಯ ಅಳತೆಗಳನ್ನು ಓದಲಾಗಲಿಲ್ಲ. ಅಂಥ ಕಡೆ ಮಲಗುವ ಕೋಣೆಯನ್ನು ಮಾಡುವುದು ಹೇಗೆ?

ಕೊಳವೆಗಳದ್ದು ಇನ್ನೊಂದು ತೊಡಕು. ಕಚೇರಿ ಕಟ್ಟಡದಲ್ಲಿ ಶೌಚಾಲಯಗಳೆಲ್ಲ ಲಿಫ್ಟಿನ ಪಕ್ಕ ಒಂದೇ ಕಡೆ ಇರುತ್ತವೆ. ಮನೆಗಳಾದರೆ ಪ್ರತಿಯೊಂದಕ್ಕೂ ಅಡುಗೆಮನೆ, ಬಚ್ಚಲುಗಳ ಕೊಳವೆ ಇಳಿಯಬೇಕು, ಅದಕ್ಕಾಗಿ ಕಾಂಕ್ರೀಟ್ ಹಾಸನ್ನು ಹತ್ತಾರು ಕಡೆ ಕೊರೆಯಬೇಕು. ಹಾಸಿನೊಳಗೆ ಬಿಗಿದ ಉಕ್ಕಿನ ಕೇಬಲ್‌ಗಳಿದ್ದರೆ ಕಂಡಕಂಡಲ್ಲಿ ಕೊರೆಯುವಂತೆಯೂ ಇಲ್ಲ. ಆದ್ದರಿಂದ ಹಳೆಯ, ಕಡಿಮೆ ಅಗಲದ, ತೆರೆಯುವ ಕಿಟಕಿಗಳಿರುವ ಕಟ್ಟಡಗಳನ್ನು ವಸತಿಗೆ ಬಿಟ್ಟು, ನಗರಾಡಳಿತವು ತನ್ನ ಕಚೇರಿಗೆ ಆಳವಾದ ಮಹಡಿಗಳಿರುವ ಕಟ್ಟಡವನ್ನೇ ಆರಿಸಿಕೊಳ್ಳುವುದು ಉಚಿತ.

ಪ್ರೋತ್ಸಾಹವೆಂದರೆ ಹಣವೇ ಆಗಬೇಕಿಲ್ಲ. ಲಾಸ್ ಏಂಜಲೀಸ್ ನಗರವು 1999ರಲ್ಲಿ ಹಳೆಯ ಕಟ್ಟಡಗಳ ಮರುಬಳಕೆಗೆಂದೇ ನಿಯಮ ತಂದು, ನಡುಭಾಗದ 1974ಕ್ಕಿಂತ ಹಿಂದಿನ ಕಟ್ಟಡಗಳಿಗೆ ಹೊಸದಾಗಿ ವಾಹನ ನಿಲುಗಡೆ ಒದಗಿಸುವ ಕಡ್ಡಾಯವನ್ನು ತೆಗೆದುಹಾಕಿ, ಅನುಮತಿಯ ದಾರಿಯನ್ನೂ ಸುಲಭಗೊಳಿಸಿತು. ಅಲ್ಲಿ ಸಾವಿರಾರು ಮನೆಗಳು ಬಂದುದಕ್ಕೆ ಇದೊಂದು ಮುಖ್ಯ ಕಾರಣ.

ಉತ್ತರ 2:
ಹಣಕಾಸಿನ ಕಡೆಯಿಂದ ಹೇಳುವುದಾದರೆ, ಬಿಟ್ಟುಕೊಟ್ಟ ತೆರಿಗೆಯೂ ಖರ್ಚೇ. ಆದರೆ ಅದು ಆಯವ್ಯಯದ ಪುಟದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಹೀಗಾಗಿ ವರ್ಷವರ್ಷವೂ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ನಗದು ಸಹಾಯಕ್ಕೆ ಕೆನಡಾದ ಕ್ಯಾಲ್ಗರಿ ಒಳ್ಳೆಯ ಉದಾಹರಣೆ. 2021ರಲ್ಲಿ ಆರಂಭವಾದ ಅಲ್ಲಿನ ಯೋಜನೆ, ವಸತಿಗೆ ಮಾರ್ಪಡಿಸುವ ಕಚೇರಿ ಜಾಗಕ್ಕೆ ಚದರ ಅಡಿಗೆ 75 ಕೆನಡಾ ಡಾಲರ್ ಕೊಡುತ್ತಾ, 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿ ಜಾಗವನ್ನು ಕಡಿಮೆ ಮಾಡುವ ಗುರಿಯಿಟ್ಟುಕೊಂಡಿತು. ಹಣ ಕೈಗೆ ಬರುವುದು ಕೆಲಸ ಮುಗಿದ ಮೇಲೆ. ಅರ್ಧಕ್ಕೆ ನಿಂತ ಕಟ್ಟಡಕ್ಕೆ ಜನರ ಹಣ ಹೋಗದಂತೆ ಕಾಯುವ ಈ ಒಂದು ಷರತ್ತನ್ನು ನಾನು ತುಂಬ ಮೆಚ್ಚುತ್ತೇನೆ.

ತೆರಿಗೆ ವಿನಾಯಿತಿಗೆ ನ್ಯೂಯಾರ್ಕಿನ ಅನುಭವವನ್ನು ನೋಡಬೇಕು. ಮ್ಯಾನ್‌ಹ್ಯಾಟನ್ನಿನ ದಕ್ಷಿಣ ಭಾಗಕ್ಕಾಗಿ 1995ರಲ್ಲಿ ಬಂದ 421-ಜಿ ಎಂಬ ಯೋಜನೆಯಿಂದ ಮನೆಗಳೇನೋ ಬಂದವು. ಆದರೆ ಆ ಮನೆಗಳು ಬಾಡಿಗೆ ನಿಯಂತ್ರಣದಿಂದ ಹೊರಬೀಳಬಹುದೇ ಎಂಬ ವಿವಾದ ಬೆಳೆದು, ವಿನಾಯಿತಿ ಇರುವವರೆಗೆ ನಿಯಂತ್ರಣವೂ ಇರಲೇಬೇಕೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ತೀರ್ಪಿತ್ತದ್ದು 2019ರಲ್ಲಿ. ಅಷ್ಟು ವರ್ಷ ಹೆಚ್ಚು ಬಾಡಿಗೆ ತೆತ್ತವರ ಸಂಕಟವನ್ನು ನೆನೆದರೆ, ಷರತ್ತಿನ ಒಂದು ಸಾಲು ಅಸ್ಪಷ್ಟವಾಗಿದ್ದರೆ ಯಾರು ನಷ್ಟ ಹೊರುತ್ತಾರೆಂಬುದು ತಿಳಿಯುತ್ತದೆ. ಷಿಕಾಗೋ ನಗರ 2022ರಲ್ಲಿ ಲಾಸಾಲ್ ಬೀದಿಯ ಕಟ್ಟಡಗಳಿಗೆ ಸಹಾಯ ಘೋಷಿಸುವಾಗಲೇ ಕನಿಷ್ಠ ಶೇ. 30ರಷ್ಟು ಮನೆಗಳು ಕೈಗೆಟುಕುವ ಬಾಡಿಗೆಯವಾಗಿರಬೇಕೆಂದು ಹೇಳಿಬಿಟ್ಟಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆಡಳಿತವೇ ಖಾಲಿ ಕಟ್ಟಡವನ್ನು ಕೊಳ್ಳುವುದಾದರೆ ಅಗ್ಗದ ಬೆಲೆಯೊಂದನ್ನೇ ನೋಡಿದರೆ ಸಾಕೆ?

ಉತ್ತರ 3:
ಸಾಲದು. ಲಾಸ್ ಏಂಜಲೀಸ್ ಕೌಂಟಿಯು (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) 2024ರಲ್ಲಿ ಗ್ಯಾಸ್ ಕಂಪನಿ ಟವರ್ ಎಂಬ 52 ಮಹಡಿಗಳ ಕಟ್ಟಡವನ್ನು ಸುಮಾರು 20 ಕೋಟಿ ಡಾಲರಿಗೆ ಕೊಂಡಿತು. 2020ರಲ್ಲಿ ಅದರ ಮೌಲ್ಯವನ್ನು 63 ಕೋಟಿ ಡಾಲರಿಗೂ ಮೇಲೆಂದು ಅಂದಾಜಿಸಲಾಗಿತ್ತು. ಕೇಳಲು ಭಾರೀ ಲಾಭ. ಆದರೂ ಅದನ್ನು ಭೂಕಂಪ ತಾಳುವಂತೆ ಬಲಪಡಿಸುವ ಖರ್ಚು, ನೌಕರರನ್ನು ಸ್ಥಳಾಂತರಿಸುವ ಖರ್ಚು, 1960ರಿಂದ ಬಳಕೆಯಲ್ಲಿದ್ದ ಹಳೆಯ ಆಡಳಿತ ಭವನ ಮುಂದೇನಾಗಬೇಕು ಎಂಬ ಪ್ರಶ್ನೆ, ಇವೆಲ್ಲವೂ ಚರ್ಚೆಗೆ ಬಂದವು. ಕೌಂಟಿಯ ಆಡಳಿತ ನಡೆಸುವ ಮೇಲ್ವಿಚಾರಕ ಮಂಡಳಿಯ ಸದಸ್ಯೆ ಜಾನಿಸ್ ಹಾನ್ ಖರೀದಿಯನ್ನು ವಿರೋಧಿಸಿದರು.

ಇನ್ನೊಂದು ಮಾತು ಸೇರಿಸುತ್ತೇನೆ. ಆಡಳಿತ ಕಚೇರಿಗೆ ಬರುವವರಲ್ಲಿ ಜನನ ಪ್ರಮಾಣಪತ್ರಕ್ಕೆ ಮಗುವನ್ನೆತ್ತಿಕೊಂಡು ಬರುವವರಿರುತ್ತಾರೆ, ಊರುಗೋಲು ಹಿಡಿದು ತೆರಿಗೆ ಕಟ್ಟಲು ಬರುವ ವೃದ್ಧರಿರುತ್ತಾರೆ. ಅವರಿಗೆ ಬೇಕಾದ ಕೌಂಟರುಗಳು ರಸ್ತೆಯ ಮಟ್ಟದಲ್ಲೇ ಇರಬೇಕು. ಕಡತ ನೋಡುವ ವಿಭಾಗಗಳು ಎಷ್ಟನೇ ಮಹಡಿಯಲ್ಲಿದ್ದರೂ ನಡೆಯುತ್ತದೆ. ಆದ್ದರಿಂದ ತಾವು ಸಭೆಗೆ ಮನವಿ ಕೊಡುವುದಾದರೆ, ಪ್ರತಿ ಖಾಲಿ ಕಟ್ಟಡದ ಮಹಡಿಯ ಆಳ, ಕಿಟಕಿ, ಕೊಳವೆಗಳ ಸ್ಥಿತಿ, ನೆಲಮಹಡಿಯ ವಿಸ್ತೀರ್ಣಗಳನ್ನು ಒಂದೇ ಪಟ್ಟಿಯಲ್ಲಿ ಕೊಡಬೇಕೆಂದು ಮೊದಲು ಕೇಳಿರಿ. ಪ್ರೋತ್ಸಾಹಧನದ ದರ ನಿಗದಿಯಾಗುವುದು ಆ ಪಟ್ಟಿ ಸಭೆಯ ಮುಂದೆ ಬಂದ ಮೇಲಾಗಲಿ.