ಮೇಕೆ ಮೈಕೊಬ್ಬು ಅಳೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ನಮ್ಮಲ್ಲಿ ಉಸ್ಮಾನಾಬಾದಿ ಮೇಕೆಗಳಿವೆ. ಮುಂದಿನ ತಿಂಗಳು ಹೋತ ಬಿಡಬೇಕು. ನೋಡೋಕೆ ಎಲ್ಲವೂ ದುಂಡಗಿವೆ. ಆದರೆ ಡಾಕ್ಟರ್ ಬೆನ್ನು ಮುಟ್ಟಿ, ಎರಡು ಮೇಕೆಗೆ ಬಾಡಿ ಸ್ಕೋರ್ (ಮೈಕೊಬ್ಬಿನ ಅಂಕ) 2 ಅಷ್ಟೇ ಅಂದರು. ಈ ಸ್ಕೋರ್ ನಾವೇ ಹಾಕಬಹುದಾ?

ಶಿರಾ ಕಡೆಯಿಂದ: ಧಾರಾಳವಾಗಿ ಹಾಕಬಹುದು. ಕಣ್ಣನ್ನು ಮಾತ್ರ ನಂಬಬೇಡಿ. ಮೇದು ಬಂದ ಮೇಕೆಯ ಹೊಟ್ಟೆ ಹೇಗೂ ಉಬ್ಬಿರುತ್ತದೆ, ಕೂದಲು ಜಾಸ್ತಿ ಇದ್ದರಂತೂ ಮೂಳೆ ಕಾಣುವುದೇ ಇಲ್ಲ. 1ರಿಂದ 5ರವರೆಗೆ ಅಂಕ, ನಡುವೆ ಅರ್ಧ ಅಂಕವೂ ಉಂಟು. ಕೊನೇ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಕೈ ಇಡಿ. ಹೆಬ್ಬೆರಳು ಬೆನ್ನುಮೂಳೆಯ ಮೇಲಿರಲಿ, ಉಳಿದ ಬೆರಳು ಪಕ್ಕಕ್ಕೆ ಚಾಚಿದ ಮೂಳೆಗಳ ತುದಿಗೆ. ತುದಿ ಚೂಪಾಗಿ ಚುಚ್ಚಿ, ಬೆರಳು ಅದರ ಕೆಳಗೂ ಸಲೀಸಾಗಿ ನುಗ್ಗಿದರೆ 1. ಒತ್ತಿದಾಗ ದುಂಡಗೆ ಸಿಕ್ಕರೆ 3. ಎಷ್ಟು ಒತ್ತಿದರೂ ಮೂಳೆ ಸಿಗದಿದ್ದರೆ 5.

ಇಷ್ಟಕ್ಕೇ ನಿಲ್ಲಿಸಬೇಡಿ. ಮುಂಗಾಲುಗಳ ನಡುವೆ ಕೈ ಹಾಕಿ, ಎದೆಮೂಳೆ ಮೇಲಿನ ಕೊಬ್ಬನ್ನು ಹಿಡಿದು ಆಚೀಚೆ ಅಲ್ಲಾಡಿಸಿ. ಬಡಕಲು ಮೇಕೆಯಲ್ಲಿ ತೆಳ್ಳಗೆ ಸಿಕ್ಕಿ ಸುಲಭವಾಗಿ ಅಲ್ಲಾಡುತ್ತದೆ. 3ರಲ್ಲಿ ದಪ್ಪಗೆ ಸಿಗುತ್ತದೆ, ಅಲ್ಲಾಡುವುದು ಕಮ್ಮಿ. 4ರ ಮೇಲೆ ಹಿಡಿತಕ್ಕೇ ಬರುವುದು ಕಷ್ಟ. ನೆಲದಲ್ಲಿ ಮಲಗಿ ಎದೆ ಮೇಲೆ ಜಡ್ಡುಗಟ್ಟಿರುತ್ತದಲ್ವಾ, ಅದು ಕೊಬ್ಬಲ್ಲ.

ಮಟನ್ ಅಂಗಡಿ ಇಟ್ಟವರು: ಅವರ ಮಾತು ಸರಿ, ಆದರೆ ಪೂರ್ತಿ ಅಲ್ಲ. ಮೇಕೆ ಕೊಬ್ಬನ್ನು ಮೊದಲು ಒಳಗೆ ತುಂಬಿಕೊಳ್ಳುತ್ತದೆ, ಚರ್ಮದಡಿಗೆ ಬರುವುದು ಆಮೇಲೆ. ಬೆನ್ನು ಒಣಕಲು ಅನ್ನಿಸಿದ ಮೇಕೆ ಕೊಯ್ದರೂ ಕಿಡ್ನಿ ಸುತ್ತ ಬಿಳಿ ಕೊಬ್ಬು ಕಟ್ಟಿಕೊಂಡಿರುತ್ತದೆ. ಹಾಲಿನ ತಳಿಗಳಲ್ಲಿ ಇದು ಇನ್ನೂ ಜಾಸ್ತಿ. ಕುರಿಗೆ ಹಾಕಿದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಸ್ಕೋರ್ ಒಂದು ಅಂದಾಜು, ತಕ್ಕಡಿಯಲ್ಲ.

ಬೀದರ್‌ನಿಂದ: ಹೋತ ಬಿಡುವಾಗ ಎರಡೂವರೆಯಿಂದ 3 ಇದ್ದರೆ ಚೆನ್ನ. ನಿಮ್ಮ ಆ ಎರಡಕ್ಕೆ ಸುಮ್ನೆ ಹಿಂಡಿ ಸುರಿಯಬೇಡಿ. ಮೊದಲು ಹಿಕ್ಕೆ ಪರೀಕ್ಷೆ ಮಾಡಿಸಿ, ಹಲ್ಲು ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಬಿಳಿಚಿದೆಯಾ ನೋಡಿ. ಬಿಳಿಚಿದ್ದರೆ ರಕ್ತ ಹೀರುವ ಹುಳದ ಅನುಮಾನ. ಅವೆಲ್ಲ ಸರಿ ಇದ್ದರೆ ಹೋತ ಬಿಡುವ ಎರಡು ಮೂರು ವಾರ ಮೊದಲಿಂದ ದಿನಕ್ಕೆ 200–250 ಗ್ರಾಂ ಜೋಳವೋ ಹಿಂಡಿಯೋ ಕೊಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಒಮ್ಮೆಲೇ ಕಾಳು ತಿಂದರೆ ಹೊಟ್ಟೆ ಕೆಡುತ್ತದೆ.

4 ದಾಟಿದ್ದಕ್ಕೆ ಈ ಹೆಚ್ಚುವರಿ ಬೇಡ. ಗಬ್ಬದ ಕೊನೇ ತಿಂಗಳಲ್ಲಿ, ಅದರಲ್ಲೂ ಅವಳಿ ಮರಿ ಇದ್ದರೆ, ಕೊಬ್ಬಿದ ಮೇಕೆ ಮೇವು ಬಿಟ್ಟು ಮಲಗಿಬಿಡುವ ಭಯ ಇದೆ. ತೀರಾ ಬಡಕಲಿಗೂ ಅದೇ ಭಯ. ಹಾಗಂತ ಗಬ್ಬದಲ್ಲಿ ಮೇವು ಕಡಿಮೆ ಮಾಡಿ ತೆಳ್ಳಗೆ ಮಾಡಲು ಹೋಗಬೇಡಿ, ಇಳಿಸುವುದಾದರೆ ಈಗಲೇ, ನಿಧಾನಕ್ಕೆ.

ಕೇಳಿದವರು: ಈಗ ಎದೆ ಮುಟ್ಟಿ ನೋಡಿದೆ. ಡಾಕ್ಟರ್ ಹೇಳಿದ ಎರಡರ ಜೊತೆ ಇನ್ನೊಂದೂ ತೆಳ್ಳಗಿದೆ. ನಾಳೆ ಮೂರರ ಹಿಕ್ಕೆಯನ್ನೂ ಕೊಟ್ಟು ಬರ್ತೀನಿ. ತಿಂಗಳಿಗೊಮ್ಮೆ ನೋಡಿದರೆ ಸಾಕಾ?

ಶಿರಾ ಕಡೆಯಿಂದ: ಸಾಕು. ಪ್ರತಿ ಸಲ ಒಬ್ಬರೇ ಮುಟ್ಟಿ, ಬರೆದಿಡಿ. ಕೈ ಬದಲಾದರೆ ಅಂಕವೂ ಬದಲಾಗುತ್ತದೆ.